ಒಬ್ಬರಿಗೆ ಒಂದೇ ಕೆಲಸವೇ, ನಾಲ್ಕು ಕೆಲಸವೇ: ಸಣ್ಣ ಸಂಸ್ಥೆಯಲ್ಲಿ ಕೆಲಸ ಹಂಚುವ ಬಗೆ

ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ನಾನು ಹತ್ತೊಂಬತ್ತು ವರ್ಷ ಲೆಕ್ಕ ಬರೆದೆ. ಅಲ್ಲಿ ಕಾಳಿನ ಸಿಪ್ಪೆ ಬಿಡಿಸುವ ರೋಲರ್ ನೋಡಿಕೊಳ್ಳುತ್ತಿದ್ದ ಹಿರಿಯ ಮಿಸ್ತ್ರಿಯವರ ಕೆಲಸ ಯಂತ್ರದ ಹತ್ತಿರ ಅಲ್ಲ, ಅಂಗಳದಲ್ಲಿ ಶುರುವಾಗುತ್ತಿತ್ತು. ಎಣ್ಣೆ ಸವರಿ ಒಣಗಿಸಿ ರಾಶಿ ಮಾಡಿದ ತೊಗರಿಯೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿ ಒಂದು ಹಿಡಿ ಎತ್ತುತ್ತಿದ್ದರು. ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಆಮೇಲೆ ಒಂದು ಕಾಳನ್ನು ಹಲ್ಲಿಗೆ ಹಾಕಿ ಕಚ್ಚುತ್ತಿದ್ದರು. ಟಕ್ಕೆಂದು ಎರಡು ಹೋಳಾದರೆ ಸರಿ. ಮೆತ್ತಗೆ ಅಮುಕಿಕೊಂಡರೆ ತಲೆ ಅಲ್ಲಾಡಿಸಿ, "ಇನ್ನೊಂದು ಬಿಸಿಲು ಬೇಕು" ಎನ್ನುತ್ತಿದ್ದರು. ಅವರು ಹೂಂ ಎನ್ನುವವರೆಗೆ ರೋಲರಿಗೆ ಕಾಳು ಬೀಳುತ್ತಿರಲಿಲ್ಲ.

ಒಂದು ಸಲ ಮಗಳ ಮದುವೆಗೆಂದು ಅವರು ಐದು ದಿನ ಊರಿಗೆ ಹೋದರು. ಸರಿಯಾಗಿ ಒಣಗದ ಕಾಳು ರೋಲರಿಗೆ ಬಿತ್ತು. ಸಿಪ್ಪೆ ಬಿಡಲಿಲ್ಲವೆಂದು ಅದನ್ನೇ ಮತ್ತೆ ಮತ್ತೆ ಹಾಯಿಸಿದರು. ಬೇಳೆ ಸವೆದು ನುಚ್ಚಾಯಿತು, ಹಿಟ್ಟಾಯಿತು. ನುಚ್ಚಿನ ಕಾಲಂನಲ್ಲಿ ಅದುವರೆಗೆ ಎಂದೂ ಬರೆಯದ ಅಂಕಿಯನ್ನು ಆ ವಾರ ನಾನು ಬರೆದೆ. ಮಾಲೀಕರು ಗಾಬರಿಯಾಗಿ, ಇನ್ನು ಮುಂದೆ ಎಲ್ಲರೂ ಎಲ್ಲ ಕೆಲಸ ಕಲಿಯಬೇಕು ಎಂದು ಹೇಳಿ ವಾರಕ್ಕೊಮ್ಮೆ ಪಾಳಿ ಬದಲಿಸಿದರು. ಚೀಲ ಹೊರುವವರು ರೋಲರಿಗೆ ಬಂದರು, ಮಿಸ್ತ್ರಿಯವರು ತೂಕಕ್ಕೆ ಹೋದರು. ಎರಡು ತಿಂಗಳಲ್ಲಿ ನುಚ್ಚು ಇನ್ನಷ್ಟು ಹೆಚ್ಚಿತು, ಮಿಸ್ತ್ರಿಯವರು ಬೇರೆ ಮಿಲ್ಲಿಗೆ ಹೊರಟುಹೋದರು.

ಮೊದಲು ಎಲ್ಲವೂ ಒಬ್ಬರ ಬೆರಳಿನಲ್ಲಿತ್ತು. ಆಮೇಲೆ ಯಾರ ಬೆರಳಿನಲ್ಲೂ ಉಳಿಯಲಿಲ್ಲ. ಎರಡೂ ಸಲ ಆದ ತಪ್ಪು ಒಂದೇ: ಕೆಲಸದ ಹರವು ಎಷ್ಟಿರಬೇಕೆಂದು ಇಡೀ ಮಿಲ್ಲಿಗೆ ಒಂದೇ ಅಳತೆಯಲ್ಲಿ ನಿರ್ಧರಿಸಿದ್ದು. ಹರವನ್ನು ಒಂದೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ಅಳೆಯಬೇಕು. ಬೇಳೆ ಮಿಲ್, ರೊಟ್ಟಿ ಕೇಂದ್ರ, ಬಿದರಿ ಕಾರ್ಖಾನೆ, ಸಹಕಾರ ಸಂಘ, ಅಂಗಡಿ ಹೀಗೆ ಐದರಿಂದ ಐವತ್ತು ಜನರಿರುವ ಸಂಸ್ಥೆ ನಡೆಸುವವರಿಗೆ ಆ ಅಳತೆಯ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಎರಡು ದಾರಿ, ಎರಡಕ್ಕೂ ಬೆಲೆ

ಒಬ್ಬರಿಗೆ ಒಂದೇ ಕೆಲಸ ಕೊಡುವುದು ಕಿರಿದಾದ ಹುದ್ದೆ. ಹಲವು ಕೆಲಸಗಳನ್ನು ಸೇರಿಸಿ ಕೊಡುವುದು ಹರವಾದ ಹುದ್ದೆ. ಕಿರಿದಾದ ಹುದ್ದೆಯ ಬಲವನ್ನು 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಗುಂಡುಸೂಜಿಯ ಉದಾಹರಣೆಯಿಂದ ತೋರಿಸಿದ. ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ನೆಟ್ಟಗೆ ಮಾಡುತ್ತಾನೆ, ಒಬ್ಬ ಕತ್ತರಿಸುತ್ತಾನೆ, ಮತ್ತೊಬ್ಬ ಮೊನೆ ಮಾಡುತ್ತಾನೆ. ಹೀಗೆ ಸುಮಾರು 18 ಹಂತಗಳನ್ನು ಹಂಚಿಕೊಂಡ ಹತ್ತು ಜನ ದಿನಕ್ಕೆ 48,000ಕ್ಕೂ ಹೆಚ್ಚು ಸೂಜಿ ಮಾಡುತ್ತಿದ್ದರು. ಒಬ್ಬೊಬ್ಬರೇ ಕೂತು ಮಾಡಿದ್ದರೆ ತಲೆಗೆ ಇಪ್ಪತ್ತೂ ಆಗುತ್ತಿರಲಿಲ್ಲ ಎಂಬುದು ಅವನ ಲೆಕ್ಕ. ಇಡೀ ಬಾಳನ್ನು ಒಂದೆರಡು ಸರಳ ಕೆಲಸಗಳಲ್ಲೇ ಸವೆಸುವವನ ಬುದ್ಧಿ ಮಂಕಾಗುತ್ತದೆ ಎಂದು ಎಚ್ಚರಿಸಿದವನೂ ಅವನೇ. ಈ ಎರಡನೆಯ ಮಾತನ್ನು ಉಲ್ಲೇಖಿಸುವವರು ಕಡಿಮೆ.

ಬೆಲೆ ತೆತ್ತವರಲ್ಲಿ ಫೋರ್ಡ್ ಕಂಪನಿ ದೊಡ್ಡ ಉದಾಹರಣೆ. 1913ರಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಕಾರಿನ ಅಡಿಗಟ್ಟು (ಚಾಸಿ) ಜೋಡಿಸುವ ಹೊತ್ತು ಹನ್ನೆರಡೂವರೆ ಗಂಟೆಯಿಂದ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಅದೇ ವರ್ಷ ಕೆಲಸಗಾರರು ಎಷ್ಟು ವೇಗವಾಗಿ ಬಿಟ್ಟು ಹೋಗುತ್ತಿದ್ದರೆಂದರೆ, ಸುಮಾರು 14,000 ಜನರ ಬಲವನ್ನು ಕಾಯ್ದುಕೊಳ್ಳಲು 50,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಗೂಲಿಯನ್ನು ಐದು ಡಾಲರಿಗೆ ಏರಿಸಿ, ದಿನದ ಅವಧಿಯನ್ನು ಎಂಟು ಗಂಟೆಗೆ ಇಳಿಸಿದ ಮೇಲೆ ಜನ ನಿಂತರು.

ಮೊದಲ ಹೆಜ್ಜೆ: ಹುದ್ದೆಯ ಹೆಸರು ಮರೆತು ಕೆಲಸಗಳನ್ನು ಬರೆಯಿರಿ

ಮಿಲ್ ಬಿಟ್ಟ ಮೇಲೆ ಮಹಿಳಾ ಸಂಘವೊಂದರ ರೊಟ್ಟಿ ಕೇಂದ್ರಕ್ಕೆ ಲೆಕ್ಕ ಕಲಿಸಲು ಹೋಗುತ್ತಿದ್ದೆ. ಹನ್ನೆರಡು ಜನ ಅಕ್ಕಂದಿರು. "ನಿಮ್ಮಲ್ಲಿ ಏನೇನು ಕೆಲಸಗಳಿವೆ ಅಕ್ಕಾ?" ಎಂದು ಕೇಳಿದರೆ, "ಏನಿದೆಯಪ್ಪಾ, ರೊಟ್ಟಿ ಬಡಿಯುವುದು" ಎಂದರು. ಎರಡು ದಿನ ಮೂಲೆಯಲ್ಲಿ ಕೂತು ಕಂಡದ್ದನ್ನೆಲ್ಲ ಬರೆದೆ. ಜೋಳ ಕೊಳ್ಳುವುದು, ಹಸನು ಮಾಡುವುದು, ಗಿರಣಿಗೆ ಒಯ್ಯುವುದು, ಎಸರಿಡುವುದು, ನಾದುವುದು, ಬಡಿಯುವುದು, ಹಂಚಿನ ಮೇಲೆ ನೀರು ಸವರಿ ಬೇಯಿಸುವುದು, ಕಡಕ್ ರೊಟ್ಟಿ ಒಣಗಿಸುವುದು, ಎಣಿಸಿ ಕಟ್ಟುವುದು, ಫೋನಿನಲ್ಲಿ ಆರ್ಡರ್ ಹಿಡಿಯುವುದು, ತಲುಪಿಸುವುದು, ಬಾಕಿ ವಸೂಲಿ, ಲೆಕ್ಕ, ಸಿಲಿಂಡರ್ ಮುಗಿಯುವ ಮೊದಲೇ ಹೇಳಿ ತರಿಸುವುದು, ಒಲೆ ಹಂಚು ತೊಳೆಯುವುದು. ಹದಿನೈದು ಕೆಲಸಗಳಿದ್ದವು. ಅವುಗಳಲ್ಲಿ ಆರ್ಡರ್ ಹಿಡಿಯುವುದು ಮತ್ತು ಸಿಲಿಂಡರ್ ತರಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಫೋನ್ ಬಡಿದಾಗ ಹಿಟ್ಟಿನ ಕೈ ಇಲ್ಲದವರು ಎತ್ತುತ್ತಿದ್ದರು, ಬರೆಯದೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮದುವೆ ಮನೆಯೊಂದರ ಮುನ್ನೂರು ರೊಟ್ಟಿಯ ಆರ್ಡರ್ ಹಾಗೆಯೇ ತಪ್ಪಿತ್ತು.

ನೀವೂ ಎರಡು ದಿನ ಕೂತು ನೋಡಿ. ಕೇಳಿ ಬರೆಯಬೇಡಿ, ಕಂಡು ಬರೆಯಿರಿ. ಜನ ತಮ್ಮ ಕೆಲಸವೆಂದು ಹೇಳುವುದಕ್ಕೂ ದಿನವಿಡೀ ಮಾಡುವುದಕ್ಕೂ ನಡುವೆ ಎಷ್ಟೋ ಸಣ್ಣ ಕೆಲಸಗಳು ಅಡಗಿರುತ್ತವೆ. ಸಂಸ್ಥೆ ಎಡವುವುದು ಹೆಚ್ಚಾಗಿ ಅಲ್ಲೇ.

ಎರಡನೆಯ ಹೆಜ್ಜೆ: ಪ್ರತಿ ಕೆಲಸಕ್ಕೂ ನಾಲ್ಕು ಪ್ರಶ್ನೆ

ಈ ಕೆಲಸದಲ್ಲಿ ಕೈ ಕುದುರಲು ಎಷ್ಟು ದಿನ ಬೇಕು? ಪ್ಯಾಕಿಂಗ್ ಒಂದು ಬೆಳಗಿನಲ್ಲಿ ಬರುತ್ತದೆ. ಒಣಗಿದ ತೊಗರಿಯ ಹದ ತಿಳಿಯಲು ಎರಡು ಸುಗ್ಗಿ ಬೇಕು. ಕಲಿಯಲು ವರ್ಷಗಳು ಬೇಕಾಗುವ ಕೆಲಸವನ್ನು ಕಿರಿದಾಗಿಯೇ ಇಡಿ, ವಾರದ ಪಾಳಿಗೆ ಹಾಕಬೇಡಿ.

ತಪ್ಪಾದರೆ ಯಾವಾಗ ಗೊತ್ತಾಗುತ್ತದೆ? ಎಣಿಕೆ ತಪ್ಪಿದರೆ ಅಲ್ಲೇ ತಿಳಿಯುತ್ತದೆ, ತಿದ್ದಬಹುದು. ಹದ ತಪ್ಪಿದ ಕಾಳು ರೋಲರ್ ದಾಟಿದ ಮೇಲೆ ತಿಳಿಯುತ್ತದೆ, ತಿದ್ದಲಾಗದು. ಪಟ್ಟಿ ತಿರುಗುವ ಯಂತ್ರದ ಹತ್ತಿರವಾದರೆ ತಪ್ಪು ಕೈಯನ್ನೇ ತೆಗೆದುಕೊಂಡು ಹೋಗಬಹುದು. ಅಂಥ ಕಡೆ ತರಬೇತಿ ಇಲ್ಲದವರನ್ನು ಒಂದು ಗಂಟೆಗೂ ನಿಲ್ಲಿಸಬಾರದು. ಜನ ಕಡಿಮೆಯಿದ್ದರೆ ಆ ದಿನ ಯಂತ್ರ ನಿಲ್ಲಲಿ.

ದಿನಕ್ಕೆ ಎಷ್ಟು ಹೊತ್ತಿನ ಕೆಲಸ ಇದು? ಸಣ್ಣ ಸಂಸ್ಥೆಯವರು ಹೆಚ್ಚಾಗಿ ಮರೆಯುವ ಪ್ರಶ್ನೆ ಇದು. ರೊಟ್ಟಿ ಕೇಂದ್ರದಲ್ಲಿ ಕಟ್ಟುವ ಕೆಲಸ ಎರಡೂವರೆ ಗಂಟೆಯದು. ಅದಕ್ಕೊಬ್ಬರನ್ನೇ ಇಟ್ಟರೆ ಉಳಿದ ಹೊತ್ತು ಅವರು ಗೋಡೆ ನೋಡುತ್ತ ಕೂರಬೇಕು. ಕೆಲಸವನ್ನು ಎಷ್ಟು ಸಣ್ಣದಾಗಿ ಒಡೆಯಬಹುದೆಂಬುದನ್ನು ಮಾರುಕಟ್ಟೆಯ ಗಾತ್ರ ನಿರ್ಧರಿಸುತ್ತದೆ ಎಂಬುದೂ ಸ್ಮಿತ್ ಹೇಳಿದ ಮಾತೇ. ದಿನಕ್ಕೆ ಮುನ್ನೂರು ರೊಟ್ಟಿ ಮಾರುವ ಕೇಂದ್ರ ಮೂರು ಸಾವಿರ ಮಾರುವ ಕೇಂದ್ರದಂತೆ ಹುದ್ದೆ ಹಂಚಲು ಹೋಗಬಾರದು.

ಇಂದಿನಂತೆ ನಾಳೆಯೂ ಇರುತ್ತದೆಯೇ? ದಿನವೂ ಒಂದೇ ರೀತಿ ಬರುವ ಕೆಲಸ ಕಿರಿದಾದ ಹುದ್ದೆಗೆ ಒಗ್ಗುತ್ತದೆ. ಗ್ರಾಹಕರೊಡನೆ ಮಾತು, ದೂರು, ಹೊಸ ಆರ್ಡರ್ ಇವು ದಿನಕ್ಕೊಂದು ಮುಖ ತೋರಿಸುತ್ತವೆ. ಅಲ್ಲಿ ನಾಲ್ಕು ವಿಷಯ ತಿಳಿದ, ತಾನೇ ಉತ್ತರ ಕೊಡಬಲ್ಲ ಒಬ್ಬರು ಬೇಕು.

ಮೂರನೆಯ ಹೆಜ್ಜೆ: ಎಲ್ಲಿ ಕತ್ತರಿಸಬೇಕೆಂದು ನೋಡಿ

ಕೆಲಸವನ್ನು ಎಷ್ಟು ತುಂಡು ಮಾಡಬೇಕೆನ್ನುವುದಕ್ಕಿಂತ ಎಲ್ಲಿ ತುಂಡು ಮಾಡಬೇಕೆನ್ನುವುದು ಮುಖ್ಯ. ಈ ಹೆಜ್ಜೆಗೆ ನಿಮ್ಮ ಹೊತ್ತನ್ನು ಧಾರಾಳವಾಗಿ ಕೊಡಿ.

ರೊಟ್ಟಿ ಕೇಂದ್ರದಲ್ಲಿ ಯಾರೋ ಬಂದು, ನಾದುವವರು ಬೇರೆ, ಬಡಿಯುವವರು ಬೇರೆ ಇದ್ದರೆ ಉತ್ಪಾದನೆ ಹೆಚ್ಚುತ್ತದೆ ಎಂದು ಸಲಹೆ ಕೊಟ್ಟರು. ಕಾಗದದ ಮೇಲೆ ಸರಿ. ಒಂದು ವಾರ ಹಾಗೇ ಮಾಡಿದರು. ಇಬ್ಬರು ದೊಡ್ಡ ಪರಾತದಲ್ಲಿ ನಾದಿ ಕೊಟ್ಟರು, ಆರು ಜನ ಬಡಿದರು. ರೊಟ್ಟಿಯ ಅಂಚು ಸೀಳತೊಡಗಿತು. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಹಿಡಿದುಕೊಳ್ಳುವ ಗುಣವಿಲ್ಲ. ಬಿಸಿ ಎಸರಿನಿಂದ ಜಿಗಿ ಬರಬೇಕು, ಆ ಜಿಗಿ ಇರುವಾಗಲೇ ಬಡಿಯಬೇಕು. ನಾದಿಟ್ಟು ಕಾಲು ಗಂಟೆ ಕಳೆದರೆ ಹಿಟ್ಟಿನ ಹದವೇ ಬೇರೆ. ತನ್ನ ಮುದ್ದೆಯನ್ನು ತಾನೇ ನಾದುವಾಕೆ ಅಂಗೈಗೆ ಒಣ ಎನ್ನಿಸಿದ ಕೂಡಲೇ ಎರಡು ಹನಿ ನೀರು ಚಿಮುಕಿಸುತ್ತಾಳೆ. ಬೇರೆಯವರು ನಾದಿದ್ದನ್ನು ಬಡಿಯುವಾಕೆ ಸೀಳಿದ ಮೇಲೆ ಬೈಯುತ್ತಾಳೆ. ಅಲ್ಲಿ ಕೆಲಸವನ್ನು ಹದದ ನಡುವೆ ಕತ್ತರಿಸಿದ್ದರು.

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುವ ಕಡೆ ಕತ್ತರಿಸಿ ನೋಡಿದೆವು. ಬಡಿದು ಮುಗಿದ ರೊಟ್ಟಿ ಕಣ್ಣಿಗೆ ಕಾಣುತ್ತದೆ: ದುಂಡಗಿದೆಯೇ, ಅಂಚು ಸೀಳಿದೆಯೇ, ಒಂದೇ ದಪ್ಪವಿದೆಯೇ. ಬೇಯಿಸುವಾಕೆ ಸರಿಯಿಲ್ಲದ್ದನ್ನು ತಿರುಗಿ ಕೊಡಬಹುದು. ಹಾಗಾಗಿ ಒಬ್ಬೊಬ್ಬರೇ ನಾದಿ ಬಡಿಯುವುದು, ಇಬ್ಬರ ರೊಟ್ಟಿಯನ್ನು ಒಬ್ಬರು ಬೇಯಿಸುವುದು ಎಂದು ಆಯಿತು. ನಾದುವುದನ್ನೂ ಬಡಿಯುವುದನ್ನೂ ಸೇರಿಸಿ ಹರವು ಹೆಚ್ಚಿಸಿದೆವು, ಬೇಯಿಸುವುದನ್ನು ಬೇರ್ಪಡಿಸಿ ಕಿರಿದು ಮಾಡಿದೆವು. ರೊಟ್ಟಿ ಸೀಳುವುದು ನಿಂತಿತು.

ಆದ್ದರಿಂದ ಕೈ ಬದಲಾಗುವ ಜಾಗದಲ್ಲಿ ವಸ್ತು ನಿಂತು, ನೋಡಿ, ಸರಿಯೋ ತಪ್ಪೋ ಹೇಳುವಂತಿದ್ದರೆ ಅಲ್ಲಿ ಕತ್ತರಿಸಿ. ವಸ್ತು ಹದದಲ್ಲಿದ್ದರೆ, ಬಿಸಿಯಲ್ಲಿದ್ದರೆ, ತೀರ್ಮಾನ ಅರ್ಧವಾಗಿದ್ದರೆ ಕತ್ತರಿಸಬೇಡಿ.

ಬೀದರಿನ ಬಿದರಿ ಕಾರ್ಖಾನೆಗಳಲ್ಲಿ ಕೆಲಸ ಹಂತ ಹಂತವಾಗಿ ಸಾಗುವುದನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಎರಕ ಆರಿದ ಮೇಲೆ ಅದೊಂದು ಮುಗಿದ ವಸ್ತು, ತೂತಿದ್ದರೆ ಕಾಣುತ್ತದೆ, ಮತ್ತೆ ಕರಗಿಸಬಹುದು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಚೂಪಾದ ಮೊನೆಯಿಂದ ಅಚ್ಚಿಲ್ಲದೆ ಕೈಯಿಂದಲೇ ಬಿಡಿಸಿದ ಬಳ್ಳಿ ಆ ಕಪ್ಪಿನ ಮೇಲೆ ಬೆಳ್ಳಗೆ ಮೂಡುತ್ತದೆ. ಅಲ್ಲಿಯೂ ನಿಂತು ನೋಡಬಹುದು. ನಂತರ ಕೆತ್ತನೆ, ಕೆತ್ತಿದ ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುವುದು, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಕಪ್ಪೇರಿಸುವುದು. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಕದವರಿಗೆ ಕೆತ್ತನೆ ಬರಬೇಕಿಲ್ಲ, ಕೆತ್ತನೆಯವರಿಗೆ ಎರಕ ಬರಬೇಕಿಲ್ಲ. ಅವರ ನಡುವೆ ಕೈ ಬದಲಾಗುವ ಜಾಗದಲ್ಲಿ ವಸ್ತುವೇ ಸಾಕ್ಷಿ ಹೇಳುತ್ತದೆ. ಆದರೆ ಒಂದೇ ಗೀರನ್ನು ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು ಕೆತ್ತುವಂತೆ ಯಾರೂ ಹಂಚುವುದಿಲ್ಲ.

ಕಚೇರಿ ಕೆಲಸಕ್ಕೂ ಇದೇ ಮಾತು. ಗ್ರಾಹಕರ ದೂರನ್ನು ಒಬ್ಬರು ಕೇಳಿ, ಇನ್ನೊಬ್ಬರು ಬರೆದು, ಮತ್ತೊಬ್ಬರು ಉತ್ತರಿಸುವ ಕಡೆ ಹೋಗಿ ನಿಂತವರಿಗೆ ಗೊತ್ತು, ಮೂರು ಸಲ ಅದೇ ಕಥೆ ಹೇಳಬೇಕು. ದೂರು ಕೇಳಿದವರೇ ಮುಗಿಸಲಿ.

ನಾಲ್ಕನೆಯ ಹೆಜ್ಜೆ: ಹಣದ ಕೆಲಸವನ್ನು ಬೇರೆಯಾಗಿಯೇ ಇಡಿ

ಇಲ್ಲಿ ಚರ್ಚೆ ಬೇಡ. ಬಿಲ್ ಬರೆಯುವವರು, ಹಣ ತೆಗೆದುಕೊಳ್ಳುವವರು, ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುವವರು ಒಬ್ಬರೇ ಆಗಿರಬಾರದು. ಜನ ಮೂವರೇ ಇದ್ದರೂ ತಾಳೆ ನೋಡುವ ಕೆಲಸವಾದರೂ ಬೇರೆಯವರದಾಗಲಿ. ಸ್ವಸಹಾಯ ಸಂಘಗಳ ಬ್ಯಾಂಕ್ ಖಾತೆಗೆ ಒಬ್ಬರ ಸಹಿ ಸಾಲದೆಂಬ ರೂಢಿ ಇದೇ ಕಾರಣಕ್ಕೆ ಬಂದದ್ದು. ಇದರಿಂದ ಯಾರ ಮೇಲೂ ಅನುಮಾನ ಪಟ್ಟಂತಾಗುವುದಿಲ್ಲ. ನಾಳೆ ನೂರು ರೂಪಾಯಿ ಕಡಿಮೆ ಬಿದ್ದರೆ ಪ್ರಾಮಾಣಿಕರ ತಲೆಯ ಮೇಲೆ ಅಪವಾದ ಬಾರದಂತೆ ಕಾಯುವ ಬೇಲಿ ಇದು.

ಐದನೆಯ ಹೆಜ್ಜೆ: ಕೆಲಸದ ಜೊತೆ ನಿರ್ಧಾರವನ್ನೂ ಕೊಡಿ

ಹರವು ಹೆಚ್ಚಿಸುತ್ತೇವೆಂದು ಹೇಳಿ ಬರೀ ಹೊರೆ ಹೆಚ್ಚಿಸುವವರು ಬಹಳ. ಬಡಿಯುವಾಕೆಗೆ ಗುಡಿಸುವುದನ್ನೂ ತೊಳೆಯುವುದನ್ನೂ ಸೇರಿಸಿದರೆ ಮೂರು ಬೇಸರದ ಕೆಲಸಗಳಾದವು, ಅಷ್ಟೇ. ಕೆಲಸಕ್ಕೆ ಆಳವೂ ಬೇಕು: ಏನು ಮಾಡಬೇಕೆಂದು ತಾನೇ ತೀರ್ಮಾನಿಸುವ ಜಾಗ.

1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಕೆಲಸದಲ್ಲಿ ಮನಸ್ಸು ನಿಲ್ಲಲು ಐದು ಗುಣಗಳು ಬೇಕೆಂದು ಗುರುತಿಸಿದರು. ಅವನ್ನು ನಾನು ಪ್ರಶ್ನೆಗಳಾಗಿ ಕೇಳುತ್ತೇನೆ. ನಿಮ್ಮ ಕೈಗೆ ಬೇರೆ ಬೇರೆ ಬಗೆಯ ಕೆಲಸ ಸಿಗುತ್ತದೆಯೇ? ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಇದು ನಾನು ಮಾಡಿದ್ದು ಎನ್ನಬಹುದೇ? ಅದು ಯಾರಿಗೆ ಉಪಯೋಗವಾಗುತ್ತಿದೆ ಎಂದು ಗೊತ್ತೇ? ಯಾವುದನ್ನು ನೀವೇ ನಿರ್ಧರಿಸಬಹುದು? ಚೆನ್ನಾಗಿ ಆಯಿತೋ ಇಲ್ಲವೋ ಎಂದು ಯಾರೂ ಹೇಳದೆ ನಿಮಗೇ ತಿಳಿಯುತ್ತದೆಯೇ?

ಆ ಬೇಳೆ ಮಿಲ್ಲಿನ ಮಿಸ್ತ್ರಿಯವರ ಹುದ್ದೆ ಕಿರಿದಾಗಿತ್ತು, ಒಂದೇ ಯಂತ್ರ. ಆದರೆ ಇನ್ನೊಂದು ಬಿಸಿಲು ಬೇಕು ಎನ್ನುವ ಅಧಿಕಾರ ಅವರದಾಗಿತ್ತು. ಆ ಮಾತಿಗೆ ಮಾಲೀಕರೂ ಕಾಯುತ್ತಿದ್ದರು. ವರ್ಷಗಟ್ಟಲೆ ಒಂದೇ ಕೆಲಸ ಮಾಡಿದರೂ ಅವರ ಮುಖದಲ್ಲಿ ಬೇಸರ ಕಂಡದ್ದಿಲ್ಲ. ಪಾಳಿಗೆ ಹಾಕಿದಾಗ ಅವರು ಕಳೆದುಕೊಂಡದ್ದು ಯಂತ್ರವನ್ನಲ್ಲ, ಆ ಮಾತನ್ನು.

ಈ ನೆಲದಲ್ಲಿ ಕೆಲಸಕ್ಕೂ ಹೆಸರಿಗೂ ಹಳೆಯ ನಂಟು. ಕಲ್ಯಾಣದ ಶರಣರಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂದು ಕಾಯಕವೇ ಹೆಸರಿನ ಮುಂದೆ ನಿಂತಿತು. ಒಬ್ಬರು ಯಾವ ಕೆಲಸದಿಂದ ನಾಲ್ಕು ಜನರಿಗೆ ಗೊತ್ತಿದ್ದಾರೋ ಅದನ್ನು ಅವರಿಂದ ತೆಗೆಯುವ ಮೊದಲು ಎದುರು ಕೂತು ಮಾತಾಡಿ. ಸೂಚನಾ ಫಲಕದಲ್ಲಿ ಚೀಟಿ ಅಂಟಿಸಿ ತಿಳಿಸುವ ವಿಷಯವಲ್ಲ ಇದು.

ಆರನೆಯ ಹೆಜ್ಜೆ: ರೊಟ್ಟಿ ಬಿಡಿಸಿ ಕಾಲು ಭಾಗ ತುಂಬಿ

ಒಬ್ಬರ ಮೇಲೇ ಎಲ್ಲ ನಿಂತಿರುವ ಅಪಾಯವನ್ನು ತಪ್ಪಿಸಲು ಎಲ್ಲರಿಗೂ ಎಲ್ಲ ಕಲಿಸಬೇಕಿಲ್ಲ. ಪ್ರತಿ ಕೆಲಸಕ್ಕೂ ಎರಡನೆಯ ಕೈ ಒಂದಿದ್ದರೆ ಸಾಕು, ಮುಖ್ಯ ಕೆಲಸಕ್ಕೆ ಮೂರನೆಯದು.

ದೊಡ್ಡ ಹಾಳೆಯಲ್ಲಿ ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು. ಪ್ರತಿ ಚೌಕದಲ್ಲಿ ಒಂದು ದುಂಡನೆಯ ರೊಟ್ಟಿ ಬಿಡಿಸಿ ನಾಲ್ಕು ಭಾಗ ಮಾಡಿ. ನೋಡಿ ತಿಳಿದಿದ್ದರೆ ಒಂದು ಕಾಲು ತುಂಬಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುತ್ತಾರೆ ಎಂದರೆ ಅರ್ಧ. ಒಬ್ಬರೇ ಮಾಡುತ್ತಾರೆ ಎಂದರೆ ಮುಕ್ಕಾಲು. ಇನ್ನೊಬ್ಬರಿಗೆ ಕಲಿಸಬಲ್ಲರು ಎಂದರೆ ಇಡೀ ರೊಟ್ಟಿ. ಓದು ಬಾರದವರೂ ಇದನ್ನು ಓದುತ್ತಾರೆ. ಸಂಘದಲ್ಲಿ ಹಾಳೆ ಗೋಡೆಗೆ ಬಂದ ದಿನ, ಹೆಚ್ಚು ಮಾತಾಡದ ಅಕ್ಕನೊಬ್ಬರು ತಮ್ಮ ಸಾಲನ್ನು ಬೆರಳಿನಿಂದ ಸವರಿ, "ಲೆಕ್ಕದ ರೊಟ್ಟಿ ಖಾಲಿ ಇದೆ, ಅದನ್ನು ಕಲಿಸಿ" ಎಂದರು.

ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಿ. ಯಾವ ಕಾಲಂನಲ್ಲಿ ಮುಕ್ಕಾಲು ರೊಟ್ಟಿ ಒಂದೇ ಇದೆಯೋ ಅಲ್ಲಿಂದ ತರಬೇತಿ ಶುರುವಾಗಲಿ. ಕಲಿಸುವ ಕಾಲ ಸುಗ್ಗಿಯಲ್ಲ. ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬರುವ ಡಿಸೆಂಬರಿನಿಂದ ಮುಂದಿನ ಮೂರು ತಿಂಗಳು ಎಲ್ಲರೂ ತಮ್ಮ ತಮ್ಮ ಗಟ್ಟಿ ಕೆಲಸದಲ್ಲೇ ನಿಲ್ಲಲಿ, ಹುದ್ದೆ ಕಿರಿದಾಗಿರಲಿ. ಮಳೆ ಹಿಡಿದು ಅಂಗಳ ಖಾಲಿಯಾದಾಗ ಹರವು ಬಿಡಿಸಿ, ಪಕ್ಕದವರ ಕೆಲಸಕ್ಕೆ ಕೂರಿಸಿ. ಹುದ್ದೆಯ ಹರವು ವರ್ಷವಿಡೀ ಒಂದೇ ಇರಬೇಕೆಂಬ ನಿಯಮವೇನಿಲ್ಲ.

ಏಳನೆಯ ಹೆಜ್ಜೆ: ಕೂಲಿ

ಕರ್ನಾಟಕದ ಕನಿಷ್ಠ ವೇತನ ಅಧಿಸೂಚನೆಗಳು ಕೆಲಸವನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸುತ್ತವೆ. ಹಮಾಲಿ ಮಾಡುತ್ತಿದ್ದವರು ಯಂತ್ರ ನಡೆಸಲು ಕಲಿತು ಅದನ್ನೇ ಮಾಡತೊಡಗಿದರೆ ಅವರ ವರ್ಗವೂ ಕೂಲಿಯೂ ಬದಲಾಗಬೇಕು. ಎರಡನೆಯ ಕೈಯಾಗಿ ಕಲಿತವರಿಗೆ, ಆ ಕೆಲಸ ಮಾಡಿದ ದಿನ ಆ ಕೆಲಸದ ಕೂಲಿ ಕೊಡಿ. ಮುಕ್ಕಾಲು ರೊಟ್ಟಿ ತುಂಬಿದವರಿಗೆ ತಿಂಗಳಿಗೆ ಸಣ್ಣದೊಂದು ಮೊತ್ತ ಸೇರಿಸಿದರೆ ಇನ್ನೂ ಒಳ್ಳೆಯದು. ಕಲಿಸುವವರಿಗೂ ಕೊಡಿ. ಕಲಿಸಿದರೆ ತನ್ನ ಜಾಗ ಹೋಗುತ್ತದೆಂದು ಹಿರಿಯರು ಹೆದರುವುದು ಸಹಜ. ಆ ಹೆದರಿಕೆಗೆ ಹಣವೂ ಮಾತೂ ಎರಡೂ ಬೇಕು.

ಎಂಟನೆಯ ಹೆಜ್ಜೆ: ಒಂದು ತಿಂಗಳು ನಡೆಸಿ, ಮೂರು ಅಂಕಿ ಬರೆಯಿರಿ

ಬದಲಾವಣೆಗೆ ಮೊದಲಿನ ತಿಂಗಳ ಅಂಕಿ ಕೈಯಲ್ಲಿರಲಿ. ಹಾಳಾದ ಮಾಲು ಎಷ್ಟು, ಹೊತ್ತಿಗೆ ಮುಟ್ಟದ ಆರ್ಡರ್ ಎಷ್ಟು, ಯಾರೋ ಬರಲಿಲ್ಲವೆಂದು ಕೆಲಸ ನಿಂತ ಗಂಟೆಗಳು ಎಷ್ಟು. ಇವು ಮೂರೇ ಸಾಕು. ಮೊದಲ ಎರಡು ವಾರ ಅಂಕಿ ಕೆಡುತ್ತದೆ, ಕೈ ಹೊಸದಾದಾಗ ಹಾಗೇ ಆಗುವುದು, ಅದನ್ನು ನೋಡಿ ಹಿಂದೆ ಸರಿಯಬೇಡಿ. ನಾಲ್ಕನೆಯ ವಾರವೂ ಕೆಟ್ಟೇ ಇದ್ದರೆ ಕತ್ತರಿಸಿದ ಜಾಗ ತಪ್ಪಿರಬೇಕು. ಮೂರನೆಯ ಹೆಜ್ಜೆಗೆ ಮರಳಿ, ಕೈ ಬದಲಾಗುವ ಕಡೆ ನೀವೇ ಒಂದು ಗಂಟೆ ನಿಂತು ನೋಡಿ.

ಹಾಳೆಯನ್ನು ಪೆನ್ಸಿಲ್ಲಿನಲ್ಲಿ ತುಂಬಿ. ಬೇಳೆ ಮಿಲ್ಲಿನವರು ಡಿಸೆಂಬರಿಗೆ ಮೊದಲು ಒಮ್ಮೆ, ಯುಗಾದಿ ಕಳೆದ ಮೇಲೆ ಒಮ್ಮೆ ಎಲ್ಲರನ್ನೂ ಅದರ ಮುಂದೆ ಕೂರಿಸಿ ತಿದ್ದಿ. ರೊಟ್ಟಿ ಕೇಂದ್ರದವರು ಮದುವೆ ತಿಂಗಳುಗಳು ಶುರುವಾಗುವ ಮೊದಲು ತಿದ್ದಲಿ. ಫೋನ್ ಎತ್ತುವವರು ಯಾರು, ಸಿಲಿಂಡರ್ ಹೇಳುವವರು ಯಾರು ಎಂಬ ಎರಡು ಹೆಸರುಗಳನ್ನು ಮಾತ್ರ ಹಾಳೆಯ ತಲೆಯಲ್ಲೇ ದಪ್ಪಕ್ಷರದಲ್ಲಿ ಬರೆದಿಡಿ.